ಎಂಟು ಮಂದಿ, ಎಂಟು ಫೈಲು

ಹೊಗಳಿಕೆ ಎಂದರೆ ನನಗೆ ಬಲು ಇಷ್ಟ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಯಾರಾದರೂ "ಚೆನ್ನಾಗಿದೆ" ಎಂದರೆ ಯಾಕೆ, ಏನು ಎಂದು ವಿಚಾರಿಸುವ ಅಭ್ಯಾಸ ನನಗಿಲ್ಲ. "ಚೆನ್ನಾಗಿಲ್ಲ" ಎಂದರೆ ಮಾತ್ರ ನೂರೆಂಟು ಪ್ರಶ್ನೆ ಕೇಳುತ್ತೇನೆ, ಅದೂ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು. ಮೈಸೂರಿನಲ್ಲಿ ಅಮ್ಮ ಈ ಗುಣಕ್ಕಾಗಿ ನನ್ನನ್ನು ಚಿಕ್ಕಂದಿನಿಂದ ಆಡಿಕೊಳ್ಳುತ್ತಿದ್ದಳು. ಪುಣೆಗೆ ಬಂದು ಎಷ್ಟೋ ವರ್ಷವಾದರೂ ಅದು ನನ್ನನ್ನು ಬಿಟ್ಟಿರಲಿಲ್ಲ. ಬಿಟ್ಟದ್ದು ಒಂದು ಮಳೆಗಾಲದಲ್ಲಿ, ಒಂದೇ ವಾರದಲ್ಲಿ. ಪೂರ್ತಿ ಬಿಟ್ಟಿತು ಎಂದು ಹೇಳಲಾರೆ, ಅರ್ಧ ಬಿಟ್ಟಿತು.

ನನ್ನ ಕೆಲಸ ವಿಮಾನ ನಗರದ ಒಂದು ಕಚೇರಿಯಲ್ಲಿ. ವೆಬ್‌ಸೈಟಿನ ಪುಟ ಹೇಗೆ ಕಾಣಬೇಕು, ಯಾವ ಬಟನ್ ಎಲ್ಲಿರಬೇಕು, ಒತ್ತಿದರೆ ಏನಾಗಬೇಕು ಎಂದು ಯೋಚಿಸಿ ರೂಪಿಸುವುದು. ನಮ್ಮ ಕಂಪನಿ ಒಂದು ಸೈಟು ನಡೆಸುತ್ತದೆ. ಕೆಲಸದಲ್ಲಿರುವವರು ಅಲ್ಲಿ ತಮ್ಮ ಪರಿಚಯ ಬರೆದಿಡುತ್ತಾರೆ, ಒಬ್ಬರನ್ನೊಬ್ಬರು ಗುರುತು ಮಾಡಿಕೊಳ್ಳುತ್ತಾರೆ, ಜನ ಬೇಕಾದ ಕಂಪನಿಗಳು ಬಂದು ಹುಡುಕುತ್ತವೆ. ಆ ವರ್ಷ ಅದನ್ನು ಓದು ಮುಗಿಸಿ ಕೆಲಸ ಹುಡುಕುವ ವಿದ್ಯಾರ್ಥಿಗಳಿಗೂ ಒಗ್ಗುವಂತೆ ಹೊಸದಾಗಿ ಮಾಡಬೇಕೆಂದು ತೀರ್ಮಾನವಾಗಿ, ಆ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪುಟ ಮೊದಲ ಖಾನೆಯಲ್ಲೇ "ಈಗಿನ ಹುದ್ದೆ" ಎಂದು ಕೇಳುತ್ತಿತ್ತು. ಎರಡನೆಯದರಲ್ಲಿ "ಎಷ್ಟು ವರ್ಷದ ಅನುಭವ". ಪಾಪ, ಹುಡುಗರು ಸೊನ್ನೆ ಎಂದು ಬರೆದರೆ "ಸರಿಯಾದ ಸಂಖ್ಯೆ ಬರೆಯಿರಿ" ಎಂದು ಕೆಂಪಕ್ಷರದಲ್ಲಿ ಗದರುತ್ತಿತ್ತು. ಇಪ್ಪತ್ತೊಂದು ವರ್ಷದ ಜೀವಕ್ಕೆ ಇದಕ್ಕಿಂತ ಅವಮಾನ ಬೇಕೆ?

ನಾನು ಅದನ್ನೆಲ್ಲ ಕಿತ್ತುಹಾಕಿದೆ. ಅದರ ಜಾಗಕ್ಕೆ ಒಂದು ಚಕ್ರ ತಂದೆ. ಫೋಟೋದ ಸುತ್ತ ಬಳೆಯಂತೆ ಕೂರುವ ಬಣ್ಣದ ಚಕ್ರ. ವಿವರ ತುಂಬುತ್ತ ಹೋದ ಹಾಗೆ ಕೆಂಪು ಹೋಗಿ ಹಳದಿ, ಹಳದಿ ಹೋಗಿ ಹಸಿರು, ಎಲ್ಲ ತುಂಬಿದರೆ ನೂರು. ಹುಡುಗರಿಗೆ ಆಟದ ಹಾಗಿರುತ್ತದೆ, ಹುರುಪಿನಿಂದ ತುಂಬುತ್ತಾರೆ ಎಂದು ನನ್ನ ಅಂದಾಜು. ಅದರ ಮೇಲೆ ನನಗೆ ಎಷ್ಟು ಮೋಹ ಎಂದರೆ ಕಂಡಕಂಡವರಿಗೆ ಫೋನು ತೆಗೆದು ತೋರಿಸುತ್ತಿದ್ದೆ. ಕಚೇರಿಯ ಕೆಳಗೆ ಉಡುಪಿ ಕಡೆಯವರೊಬ್ಬರ ಹೋಟೆಲಿದೆ, ದಿನಾ ಬೆಳಿಗ್ಗೆ ನನ್ನ ತಿಂಡಿ ಅಲ್ಲೇ. ಗಲ್ಲಾದಲ್ಲಿ ಕೂತ ಯಜಮಾನರಿಗೂ ತೋರಿಸಿದೆ. "ಲಾಯ್ಕ ಉಂಟು ಮಾರಾಯ್ರೆ" ಎಂದರು. ಅವತ್ತು ಇನ್ನೊಂದು ಇಡ್ಲಿ ಹೆಚ್ಚು ತಿಂದೆ.

ಇಂಥ ಪುಟವನ್ನು ಹೊರಗೆ ಬಿಡುವ ಮುನ್ನ ಬಳಸುವವರ ಕೈಗೇ ಕೊಟ್ಟು ನೋಡುವುದು ನಮ್ಮ ಕಸುಬಿನ ಪದ್ಧತಿ. ಅವರು ಬಳಸುವಾಗ ಪಕ್ಕದಲ್ಲಿ ಕೂತು, ಎಲ್ಲಿ ತಡವರಿಸುತ್ತಾರೆ ಎಂದು ಗಮನಿಸಬೇಕು. ನಾನು ಒಂದು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ, ಅಂದರೆ ಓದು ಮುಗಿಸುವವರಿಗೆ ಕೆಲಸ ಕೊಡಿಸಲು ಓಡಾಡುವ ವಿಭಾಗಕ್ಕೆ, ಫೋನು ಮಾಡಿ ಎಂಟು ಜನರನ್ನು ಕಳಿಸಿಕೊಡಿ ಎಂದೆ. ಅವರು ಮಕ್ಕಳಿಗೆ ಏನೆಂದು ಹೇಳಿ ಕಳಿಸಿದರೋ ನಾನು ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಂದರು. ನಾನು ಬಾಗಿಲು ತೆರೆದದ್ದೇ ತಡ, ಎಂಟೂ ಜನ ಒಟ್ಟಿಗೆ ಎದ್ದು ನಿಂತು "ಗುಡ್ ಆಫ್ಟರ್‌ನೂನ್ ಮ್ಯಾಮ್" ಎಂದರು. ಹುಡುಗರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಕರಿ ಪ್ಯಾಂಟಿನಲ್ಲಿದ್ದರು. ಹುಡುಗಿಯರು ದುಪಟ್ಟಾಕ್ಕೆ ಎರಡೂ ಹೆಗಲಿನಲ್ಲಿ ಪಿನ್ನು ಚುಚ್ಚಿಕೊಂಡಿದ್ದರು. ಎಲ್ಲರ ತೊಡೆಯ ಮೇಲೂ ಅಂಕಪಟ್ಟಿಗಳ ಪ್ಲಾಸ್ಟಿಕ್ ಫೈಲು. ಎಷ್ಟು ಶಿಸ್ತಿನ ಮಕ್ಕಳು ಎಂದು ಖುಷಿಪಟ್ಟೆ. ಒಬ್ಬೊಬ್ಬರನ್ನೇ ಒಳಗೆ ಕರೆದು, ಲ್ಯಾಪ್‌ಟಾಪು ಮುಂದಿಟ್ಟು, "ನಿಮಗೆ ಅನಿಸಿದ್ದನ್ನು ಅನಿಸಿದ ಹಾಗೆ ಹೇಳಿ" ಎಂದೆ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತು, ಚೆನ್ನಾಗಿದೆ ಎಂದರು. ಹಿಂದಿಯಲ್ಲಿ, ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಎಂದರು. ನಾನು ಬರೆದುಕೊಳ್ಳುತ್ತ ಹೋದೆ.

ಐದನೆಯವಳು ಬಂದಾಗ ಮೈಸೂರಿನಿಂದ ಅಮ್ಮನ ಫೋನು. "ಆಮೇಲೆ ಮಾಡ್ತೀನಮ್ಮ" ಎಂದು ಇಟ್ಟೆ. ಹುಡುಗಿಯ ಮುಖ ಅರಳಿತು.

"ಮೇಡಂ, ನೀವು ಕನ್ನಡದವರೇನ್ರಿ?"

ಅವಳ ಮನೆಯವರು ಧಾರವಾಡದ ಕಡೆಯವರು. ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಪುಣೆಯ ಕೋಥರೂಡಿನಲ್ಲಿ, ಓದಿದ್ದು ಬಿ.ಕಾಂ. ಅವಳ ಅಮ್ಮ ಮನೆಯಲ್ಲೇ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡಿಕೊಡುತ್ತಾಳಂತೆ. ನಾನಿರುವುದೂ ಕೋಥರೂಡಿನಲ್ಲೇ ಎಂದೆ. "ಹಂಗಾದ್ರ ಸೀರಿ ತಗೊಂಡು ಬರ್ರಿ ಮೇಡಂ, ನಮ್ಮವ್ವ ಛಲೋ ಮಾಡಿ ಕೊಡ್ತಾಳ" ಎಂದು ವಿಳಾಸ ಹೇಳಿದಳು. ಆಮೇಲೆ ಪುಟ ತುಂಬಲು ಕೂತಳು. ಒಂದು ಕಡೆ ಅವಳ ಬೆರಳು ಬಹಳ ಹೊತ್ತು ನಿಂತಿತು. ಪುಟವನ್ನು ಮೇಲೆ ಎಳೆದಳು, ಕೆಳಗೆ ಎಳೆದಳು, ಮತ್ತೆ ಮೇಲೆ ಎಳೆದಳು. "ಆಸಕ್ತಿಯಿಂದ ಓದುತ್ತಿದ್ದಾಳೆ" ಎಂದು ಬರೆದುಕೊಂಡೆ. ಹೇಗಿದೆ ಎಂದು ಕೇಳಿದ್ದಕ್ಕೆ, "ಭಾಳ ಛಲೋ ಅದ ರೀ ಮೇಡಂ" ಎಂದಳು.

ಹೋಗುವಾಗ ಎಂಟೂ ಜನ ಫೈಲಿನಿಂದ ಒಂದೊಂದು ಬಯೋಡೇಟಾ ತೆಗೆದು ನನ್ನ ಮೇಜಿನ ಮೇಲಿಟ್ಟರು. ಈ ಕಾಲದ ಹುಡುಗರ ಅಭ್ಯಾಸವಿರಬೇಕು ಎಂದು ಡ್ರಾಯರಿಗೆ ತಳ್ಳಿದೆ. ಪ್ರತಿಯೊಬ್ಬರಿಗೂ ನಮ್ಮ ಕಂಪನಿಯ ಗುರುತಿರುವ ಒಂದು ಬಿಳಿ ಪಿಂಗಾಣಿ ಕಪ್ ಕೊಟ್ಟು, ಬಾಗಿಲವರೆಗೆ ಹೋಗಿ, "ನಾವು ನಿಮಗೆ ತಿಳಿಸ್ತೀವಿ" ಎಂದೆ. ಸೈಟು ಶುರುವಾದಾಗ ತಿಳಿಸುತ್ತೇವೆ ಎಂದು ನನ್ನ ಮನಸ್ಸಿನಲ್ಲಿತ್ತು. ಅಷ್ಟನ್ನು ಬಾಯಿಬಿಟ್ಟು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಸಂಜೆ ನಮ್ಮ ತಂಡದ ಮುಖ್ಯಸ್ಥರ ಮುಂದೆ ನಿಂತು, "ಎಂಟಕ್ಕೆ ಎಂಟೂ ಒಪ್ಪಿದರು ಸರ್" ಎಂದು ಬೀಗಿದೆ. ಒಂದು ಸೋಮವಾರ ಬಿಟ್ಟು ಮುಂದಿನ ಸೋಮವಾರ ಪುಟ ತೆರೆಯುವುದೆಂದು ಗೊತ್ತಾಯಿತು.

ಮುಂದಿನ ಗುರುವಾರ, ಚಿಕ್ಕಪ್ಪನ ಮಗಳ ಮದುವೆಗೆ ತಂದ ಸೀರೆ ಹಿಡಿದು ಆ ಹುಡುಗಿಯ ಮನೆ ಹುಡುಕಿಕೊಂಡು ಹೋದೆ. ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಿಂದ ಮೂರು ಓಣಿ ಆಚೆ, ಎರಡನೇ ಮಹಡಿ. ಹುಡುಗಿ ಮನೆಯಲ್ಲಿರಲಿಲ್ಲ. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳ ತಾಯಿ, ನಾನು ಯಾರೆಂದು ಹೇಳುತ್ತಲೇ, ಕಾಲಿನಿಂದ ಯಂತ್ರ ನಿಲ್ಲಿಸಿ ಎದ್ದುಬಿಟ್ಟರು.

"ಅಯ್ಯ, ಆ ಮೇಡಂ ನೀವೇ ಏನ್ರಿ? ಬರ್ರಿ, ಬರ್ರಿ, ಕೂಡ್ರಿ. ನಮ್ಮಾಕಿ ಇಂಟರ್ವ್ಯೂ ತಗೊಂಡಾವ್ರು ನೀವೇ ಅಲ್ರಿ? ತಿಳಸ್ತೀವಿ ಅಂದೀರಂತ. ನಾ ಇಡೀ ಬಿಲ್ಡಿಂಗಿಗೆ ಹೇಳೇನ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ. ಇಂಟರ್ವ್ಯೂ? ಅವರು ಕೈ ತೋರಿಸಿದ ಕಡೆ ನೋಡಿದೆ. ಗೋಡೆಯಲ್ಲಿ ದೇವರ ಗೂಡು. ದೀಪದ ಪಕ್ಕದಲ್ಲಿ ನಮ್ಮ ಬಿಳಿ ಕಪ್, ಅದರ ಮೈಗೆ ಕುಂಕುಮ, ಮೇಲೊಂದು ದಾಸವಾಳ. ನೋಡಿದ ಮೇಲೆ ಎಲ್ಲ ಒಟ್ಟಿಗೆ ತಲೆಗೆ ಹೋಯಿತು. ಇಸ್ತ್ರಿ ಅಂಗಿ, ಪಿನ್ನು ಹಾಕಿದ ದುಪಟ್ಟಾ, ಎಂಟು ಫೈಲು, ಎಂಟು ಬಯೋಡೇಟಾ. ಕಂಪನಿಯವರು ಕರೆದಿದ್ದಾರೆ ಎಂದರೆ ಆ ಮಕ್ಕಳ ಲೋಕದಲ್ಲಿ ಅದಕ್ಕೆ ಇನ್ನೊಂದು ಕಾರಣವೇ ಇಲ್ಲ.

ತಾಯಿ ಅವಲಕ್ಕಿ ಒಗ್ಗರಣೆ ಹಾಕುತ್ತ ಒಳಗಿನಿಂದಲೇ ಮಾತಾಡುತ್ತಿದ್ದರು. "ಲೋಣಾವಳಾದ ಒಂದು ಹೋಟೆಲ್ಲಿನವ್ರು ಕೆಲಸಕ್ಕ ಕರದಾರ್ರೀ ಆಕಿನ್ನ. ರೂಮಿನ ಬುಕ್ಕಿಂಗ್ ನೋಡ್ಕೊಳ್ಳೋದಂತ. ಶನಿವಾರದೊಳಗ ಬರ್ತೀನಿ, ಬರಂಗಿಲ್ಲ, ಏನಾರ ಒಂದು ಹೇಳಂದಾರ. ನಾ ಬ್ಯಾಡ ಅಂದೆ. ದಿನಾ ಲೋಕಲ್ ರೈಲು ಹಿಡದು ಆ ಮಳ್ಯಾಗ ಯಾಕ ಸಾಯ್ಬೇಕ್ರಿ? ವಿಮಾನ ನಗರದ್ದು ಆಗೇ ಆಗ್ತದ."

ಹುಡುಗಿಯ ಕೈಯಲ್ಲಿದ್ದ ಒಂದೇ ಒಂದು ನಿಜವಾದ ಕೆಲಸ, ಅದಕ್ಕೆ ಉಳಿದದ್ದು ಎರಡು ದಿನ. ಇಲ್ಲದ ಕೆಲಸದ ಆಸೆಗೆ ಅದನ್ನು ಬಿಡುತ್ತಿದ್ದಾರೆ, ಆ ಆಸೆ ಹುಟ್ಟಿಸಿದವಳು ನಾನು. ಆಗಲೇ ಹೇಳಬೇಕಿತ್ತು. ಅವರು ತಟ್ಟೆ ತಂದು ಕೈಗಿಟ್ಟರು, "ಇನ್ನಷ್ಟು ಹಾಕ್ಲೇನ್ರಿ" ಎಂದರು, ನನ್ನ ಬಾಯಿಗೆ ಬೀಗ ಬಿತ್ತು. ಸೀರೆ ನಾಳೆ ಸಂಜೆ ಒಯ್ಯುತ್ತೇನೆ ಎಂದಷ್ಟೇ ಹೇಳಿ ಮೆಟ್ಟಿಲಿಳಿದೆ. ನನ್ನ ಬದುಕಿನಲ್ಲಿ ಇಷ್ಟು ನಾಚಿಕೆ ಪಟ್ಟದ್ದು ಕಡಿಮೆ.

ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಯಜಮಾನರು ಗಲ್ಲಾ ಬಿಟ್ಟು ನನ್ನ ಮೇಜಿಗೆ ಬಂದರು. ಏನಾದರೂ ಕೇಳಬೇಕಲ್ಲ ಎಂದು ಕೇಳಿದೆ, "ಅವತ್ತು ತೋರಿಸಿದ್ನಲ್ಲ ಚಕ್ರ, ನಿಜವಾಗ್ಲೂ ಚೆನ್ನಾಗಿತ್ತಾ?"

"ಸತ್ಯ ಹೇಳುದಾದ್ರೆ ನನಗೆ ಕಾಣ್ಲೇ ಇಲ್ಲ ಮಾರಾಯ್ರೆ. ಕನ್ನಡಕ ಒಳಗೆ ಇತ್ತು. ನೀವು ಅಷ್ಟು ಖುಷಿಯಲ್ಲಿ ತೋರಿಸುವಾಗ ಲಾಯ್ಕ ಇಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?" ಎಂದರು. "ನಾನು ಗಿರಾಕಿಗಳ ಹತ್ರ ಹೇಗುಂಟು ಅಂತ ಕೇಳುದೇ ಇಲ್ಲ. ಕೇಳಿದ್ರೆ ಎಲ್ಲರೂ ಒಳ್ಳೇದುಂಟು ಅಂತಲೇ ಹೇಳುದು. ತಟ್ಟೆ ವಾಪಸ್ ಬರುವಾಗ ನೋಡ್ತೇನೆ. ಸಾಂಬಾರು ಉಳಿದಿದ್ರೆ ಅವತ್ತು ಸಾಂಬಾರು ಸರಿ ಆಗ್ಲಿಲ್ಲ."

ನನಗೆ ರೇಗಿತು. ನನ್ನ ಕಸುಬನ್ನು ನನಗೇ ಕಲಿಸುತ್ತಾರಲ್ಲ! ಅವರು ಮುಟ್ಟದೆ ಉಳಿದ ನನ್ನ ಇಡ್ಲಿಯನ್ನು ನೋಡಿ, "ಇವತ್ತು ನಿಮ್ಮದರಲ್ಲಿ ಇಡ್ಲಿಯ ತಪ್ಪು ಇಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿ ಹೋದರು.

ಮೇಲೆ ಹೋಗಿ ಡ್ರಾಯರು ತೆರೆದೆ. ಎಂಟೂ ಬಯೋಡೇಟಾಗಳ ಮೇಲೆ ಕೆಲಸ ಕೇಳುವ ಒಂದೊಂದು ಅರ್ಜಿ ಲಗತ್ತಾಗಿತ್ತು. ನಾನು ತಿರುಗಿಸಿಯೂ ನೋಡಿರಲಿಲ್ಲ. ಆಮೇಲೆ ಅವರು ತುಂಬಿದ ಪುಟಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಚೆನ್ನಾಗಿದೆ ಎಂದವರೆಲ್ಲರ ಚಕ್ರವೂ ಮೂವತ್ತರ ಸುಮಾರಿಗೆ ಬಂದು ನಿಂತಿತ್ತು. ಎಂಟು ತಟ್ಟೆಯಲ್ಲೂ ಒಂದೇ ಪಲ್ಯ ಉಳಿದಿತ್ತು. ಮುಂದಿನ ಖಾನೆಗಳು ಕೇಳುತ್ತಿದ್ದದ್ದು ಹಿಂದೆ ಮಾಡಿದ ಕೆಲಸ, ಮೇಲಧಿಕಾರಿಯ ಶಿಫಾರಸು, ಇಂಟರ್ನ್‌ಶಿಪ್. ಮುಂಬಾಗಿಲಿನಿಂದ ಓಡಿಸಿದ "ಅನುಭವ"ವನ್ನು ನಾನೇ ಹಿತ್ತಿಲಿನಿಂದ ಕರೆದು ಕೂರಿಸಿದ್ದೆ. ಸಾಲದ್ದಕ್ಕೆ ಅವರ ಫೋಟೋದ ಸುತ್ತ ಕೆಂಪು ಬಳೆ ತೊಡಿಸಿದ್ದೆ.

ಒಬ್ಬೊಬ್ಬರಿಗೂ ಫೋನು ಹಚ್ಚಿದೆ. ಕೋಥರೂಡಿನ ಆ ಹುಡುಗಿಯೊಬ್ಬಳನ್ನು ಬಿಟ್ಟು ಏಳು ಜನಕ್ಕೆ. ಅವಳಿಗೆ ಎದುರಿಗೇ ಹೇಳಬೇಕು ಎಂದುಕೊಂಡಿದ್ದೆ. ಅದು ಸಂದರ್ಶನ ಆಗಿರಲಿಲ್ಲ, ಸರಿಯಾಗಿ ಹೇಳದ್ದು ನನ್ನ ತಪ್ಪು, ಕ್ಷಮಿಸಿ ಎಂದು ಏಳು ಸಲ ಹೇಳಿದೆ. ಮೊದಲನೆಯವನು, ಹಾಗಾದರೆ ನನ್ನ ಬಯೋಡೇಟಾ ವಾಪಸ್ ಕೊಡುತ್ತೀರಾ ಎಂದ. ಇನ್ನೊಬ್ಬ ಬೈಯುತ್ತಾನೆಂದು ಕಾದರೆ ನಕ್ಕುಬಿಟ್ಟ. ಒಬ್ಬಳು ಮಾತ್ರ, ಬಾಡಿಗೆ ಗಾಡಿ ಮಾಡಿಕೊಂಡು ಬಂದಿದ್ದೆ ಮ್ಯಾಮ್ ಎಂದು ಹೇಳಿದಳು. ಅವಳಿಗೆ ನಾನು ಏನು ಹೇಳಿದರೂ ಕಡಿಮೆಯೇ.

ವಿಚಿತ್ರ ಎಂದರೆ ಆಮೇಲಿನದು. ನನ್ನಿಂದ ಕೆಲಸ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ಎಲ್ಲರ ನಾಲಿಗೆಯೂ ಸಡಿಲವಾಯಿತು. ಆ ಚಕ್ರ ಕಂಡರೆ ಮಾರ್ಕ್ಸ್ ಕಾರ್ಡು ನೆನಪಾಗುತ್ತೆ ಎಂದ ಒಬ್ಬ. ಮೂವತ್ತು ಅಂದರೆ ಫೇಲು ಅಲ್ಲವಾ ಮ್ಯಾಮ್, ಕೆಲಸ ಕೊಡುವವರಿಗೂ ಅದು ಕಾಣುತ್ತಲ್ಲ ಎಂದಳು ಇನ್ನೊಬ್ಬಳು. ನನಗೆ ಮಂಗಳಾರತಿ ನಡೆಯುತ್ತಿತ್ತು, ನಾನು ಕೋಪವೇ ಬರದೆ ಬರೆದುಕೊಳ್ಳುತ್ತಿದ್ದೆ. ಕಳೆದ ಶುಕ್ರವಾರದ ಹೊಗಳಿಕೆ ನಾಲ್ಕು ಸಾಲಿನಲ್ಲಿ ಮುಗಿದಿತ್ತು, ಈ ಶುಕ್ರವಾರದ ಬೈಗುಳ ಆರು ಪುಟವಾಯಿತು.

ಅದನ್ನು ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಎಂಟಕ್ಕೆ ಎಂಟು ಎಂದಿದ್ದೆಯಲ್ಲ ಎಂದು ಅವರು ಮರಾಠಿಯಲ್ಲಿ ಕೇಳಿದರು. ಆ ಮಕ್ಕಳು ನಮ್ಮ ಪುಟ ನೋಡಲು ಬಂದಿರಲಿಲ್ಲ ಸರ್, ನಮಗೆ ತಮ್ಮನ್ನು ತೋರಿಸಲು ಬಂದಿದ್ದರು ಎಂದೆ. ಅವರು ಆರೂ ಪುಟ ಓದಿದರು. ಓದುವಷ್ಟು ಹೊತ್ತೂ ನಾನು ಕಿಟಕಿಯ ಹೊರಗಿನ ಮಳೆ ನೋಡುತ್ತ ನಿಂತಿದ್ದೆ. ಕೊನೆಗೆ, "ಸೋಮವಾರ ಕಳೆದ ಮೇಲೆ ಹೇಳಿದ್ದರೆ ಏನು ಗತಿಯಾಗುತ್ತಿತ್ತು?" ಎಂದು ಗೊಣಗಿ, ಎಷ್ಟು ವಾರ ಬೇಕು ಎಂದು ಕೇಳಿದರು. ನಾಲ್ಕು ಎಂದೆ. ಮೂರು ಎಂದರು. ಹೊರಗೆ ಬಂದು ಗೋಡೆಗೆ ಒರಗಿ ನಿಂತೆ. ಬದುಕಿದೆಯಾ ಬಡಜೀವವೇ ಎನಿಸಿತು. ಆದರೆ ದೊಡ್ಡ ಕೆಲಸ ಇನ್ನೂ ಬಾಕಿ ಇತ್ತು.

ಸಂಜೆ ಕೋಥರೂಡಿಗೆ ಗಾಡಿ ಓಡಿಸುತ್ತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಆ ಮನೆಯ ಬಾಗಿಲಲ್ಲಿ ರೇನ್‌ಕೋಟು ಬಿಚ್ಚುವಷ್ಟರಲ್ಲಿ ಜೋಡಿಸಿದ್ದೆಲ್ಲ ಉದುರಿಹೋಯಿತು. ತಾಯಿ ಯಂತ್ರದ ಮುಂದೆ ಇದ್ದರು, ಮಗಳು ನೆಲದ ಮೇಲೆ ಕೂತು ಸೀರೆಗಳಿಗೆ ಚೀಟಿ ಪಿನ್ನು ಮಾಡುತ್ತಿದ್ದಳು. ನಾನು ಕೂರಲೂ ಇಲ್ಲ. "ಅವತ್ತು ನಡೆದದ್ದು ಇಂಟರ್ವ್ಯೂ ಅಲ್ಲ. ನಮ್ಮಲ್ಲಿ ಯಾವ ಕೆಲಸವೂ ಖಾಲಿ ಇರಲಿಲ್ಲ. ನಮ್ಮ ಪುಟ ಹೇಗಿದೆ ಅಂತ ನೋಡೋಕೆ ನಿಮ್ಮನ್ನೆಲ್ಲ ಕರೆಸಿದ್ದೆ, ಅದನ್ನ ಸರಿಯಾಗಿ ಹೇಳಲಿಲ್ಲ. ತಪ್ಪು ನಂದು" ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಯಂತ್ರ ನಿಂತಿತು. ಮಗಳು ಕೈಯಲ್ಲಿದ್ದ ಚೀಟಿಯನ್ನೇ ನೋಡುತ್ತ ಹೇಳಿದಳು, "ನನಗ ಅವತ್ತೇ ಅನುಮಾನ ಬಂದಿತ್ರಿ ಮೇಡಂ. ನೀವು ಪರ್ಸೆಂಟೇಜ್ ಕೇಳ್ಲೇ ಇಲ್ಲ. ಪರ್ಸೆಂಟೇಜ್ ಕೇಳಲಾರದ ಇಂಟರ್ವ್ಯೂ ಎಲ್ಲಿರ್ತದ್ರಿ?"

"ಮತ್ತೆ ಮನೇಲಿ ಯಾಕಮ್ಮ ಹೇಳಲಿಲ್ಲ?"

"ನಾ ಬಸ್ಸಿಂದ ಇಳಿಯೋದ್ರೊಳಗ ಅವ್ವ ಮೂರೂ ಮಹಡಿಗೆ ಹೇಳಿ ಮುಗಿಸಿದ್ಲು ರೀ." ಇನ್ನೊಂದು ಚೀಟಿ ಪಿನ್ನು ಮಾಡುತ್ತ ಸೇರಿಸಿದಳು, "ಮತ್ತ ನನಗೂ ಒಂದೀಟು ಆಸೆ ಇತ್ತು."

ತಾಯಿ ನನ್ನನ್ನೇ ದಿಟ್ಟಿಸುತ್ತಿದ್ದರು. ಬೈಯಲಿ ಎಂದೇ ಕಾಯುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಅಂದ್ರ ಇಕಿ ಫೇಲ್ ಆಗಿಲ್ಲೇನ್ರಿ?"

ಒಂದು ವಾರ. ತಿಳಿಸುತ್ತೇವೆ ಎಂದವರು ತಿಳಿಸದೆ ಕಳೆದ ಒಂದೊಂದು ದಿನವೂ ಆಕೆ ಬಾಯಿ ತುಂಬ ಆಗೇ ಆಗ್ತದ ಎನ್ನುತ್ತ, ಒಳಗೆ ಈ ಪ್ರಶ್ನೆ ಇಟ್ಟುಕೊಂಡು ಯಂತ್ರ ತುಳಿದಿದ್ದರು.

"ಇಲ್ಲ ಅಕ್ಕಾ. ಪರೀಕ್ಷೆ ಇದ್ದದ್ದು ನನಗೆ. ಫೇಲ್ ಆಗಿದ್ದೂ ನಾನೇ."

ಆಕೆ ಉಸಿರು ಬಿಟ್ಟು, ಕೈಯಲ್ಲಿದ್ದ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟರು. ಮಗಳ ಕಡೆ ತಿರುಗಿ, "ಏನ್ ನೋಡ್ತೀ? ಲೋಣಾವಳಾಕ್ಕ ಫೋನ್ ಹಚ್ಚು. ಛತ್ರಿ ತಗೊಂಡು ಹೋದ್ರಾತು" ಎಂದರು.

ಹುಡುಗಿ ಬಾಲ್ಕನಿಗೆ ಹೋದಳು. ಒಳಗೆ ನಾವಿಬ್ಬರೂ ಉಸಿರು ಹಿಡಿದು ಕೂತೆವು. ಮಳೆಯ ಸದ್ದಿನಲ್ಲಿ ಒಂದು ಕಡೆಯ ಮಾತಷ್ಟೇ ಕೇಳುತ್ತಿತ್ತು. ಹೌದು ಸರ್. ಇಲ್ಲ ಸರ್, ಬರುತ್ತೇನೆ ಸರ್. ಆಮೇಲೆ ಮಳೆ ಜೋರಾಗಿ ಅದೂ ಕೇಳದಾಯಿತು. ಬೇರೆಯವರನ್ನು ತೆಗೆದುಕೊಂಡುಬಿಟ್ಟರೇ? ತಾಯಿ ನನ್ನ ಮೊಣಕೈ ಹಿಡಿದಿದ್ದರು, ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ. ಕೊನೆಗೆ, "ಸೋಮವಾರ ಒಂಬತ್ತಕ್ಕೆ, ಥ್ಯಾಂಕ್ಯೂ ಸರ್" ಎಂಬ ಮಾತು ಕೇಳಿತು. ನನ್ನ ಮೊಣಕೈ ಬಿಡುಗಡೆಯಾಯಿತು.

ಒಳಗೆ ಬಂದವಳ ಮುಖದ ಮೇಲೆ ಎರಚಲು ಬಡಿದಿತ್ತು. ನಗುತ್ತಿದ್ದಳು. ಅನುಭವದ ಖಾನೆ ಖಾಲಿ ಇದ್ದ ಇವಳನ್ನು ಆ ಹೋಟೆಲಿನವರು ಹೇಗೆ ಆರಿಸಿದರು ಎಂದು ನನಗೆ ಕುತೂಹಲ. ಕೇಳಿದೆ.

"ಗಿರಾಕಿ ಸಂಭಾಳಿಸಿ ಗೊತ್ತದ ಏನು ಅಂತ ಅವ್ರು ಕೇಳಿದ್ರು ರೀ. ನಾಕು ವರ್ಷ ಸಂಭಾಳಿಸೇನಿ ಅಂದೆ." ನೆಲದ ಮೇಲಿನ ನೋಟ್‌ಬುಕ್ಕು ಎತ್ತಿ ತೋರಿಸಿದಳು. ಯಾರ ಸೀರೆ, ಯಾವ ಬಣ್ಣದ ಫಾಲು, ಯಾವತ್ತು ಕೊಡಬೇಕು, ಯಾರಿಗೆ ಅವಸರ, ಎಲ್ಲ ಅವಳ ಗುಂಡು ಅಕ್ಷರದಲ್ಲಿ. "ಒಂದು ಸೀರಿ ಅದಲುಬದಲು ಆಗಿಲ್ರಿ ಇಲ್ಲೀತನಕ. ನಿಮ್ಮ ಸೈಟಿನ್ಯಾಗ ಇದನ್ನ ಎಲ್ಲಿ ಬರೀಬೇಕಂತ ಅವತ್ತು ಹುಡುಕೇ ಹುಡುಕಿದೆ. ಖಾನೇನೇ ಇರ್ಲಿಲ್ಲ."

ಮೇಲೆ ಕೆಳಗೆ ಎಳೆದು ನಿಂತ ಆ ಬೆರಳು ನೆನಪಾಯಿತು. ಆಸಕ್ತಿಯಿಂದ ಓದುತ್ತಿದ್ದಾಳೆ ಎಂದು ಬರೆದುಕೊಂಡ ಬುದ್ಧಿವಂತೆ ನಾನು! ಮೂರು ವಾರದ ಮೇಲೆ ತೆರೆದ ಪುಟದಲ್ಲಿ ಚಕ್ರ ಇರಲಿಲ್ಲ. ಮೊದಲ ಖಾನೆಯಲ್ಲಿ, ಮನೆಯಲ್ಲೋ ಕಾಲೇಜಿನಲ್ಲೋ ಓಣಿಯಲ್ಲೋ ನೀವು ನೋಡಿಕೊಂಡ ಕೆಲಸ ಯಾವುದು, ಹೇಗೆ ನೋಡಿಕೊಂಡಿರಿ ಎಂದು ಕೇಳಿದ್ದೆವು. ಹುಡುಗರು ಅಲ್ಲಿ ಬರೆಯಲು ಶುರುಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಚೆನ್ನಾಗಿದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಗ ಯಾರನ್ನೇ ಕರೆಸಿದರೂ ಮೊದಲು ತೊಡೆಯ ಮೇಲೆ ಫೈಲು ಇದೆಯೇ ಎಂದು ನೋಡುತ್ತೇನೆ. ಇದ್ದರೆ ಲ್ಯಾಪ್‌ಟಾಪು ಮುಚ್ಚಿಟ್ಟು, ಚಹಾ ತರಿಸಿ, ಇದು ಇಂಟರ್ವ್ಯೂ ಅಲ್ಲ ಎಂದು ಎರಡು ಸಲ ಹೇಳುತ್ತೇನೆ.

ಆ ಸಂಜೆ ಚಹಾ ಮಾಡಿದವರು ತಾಯಿ. ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗ ದೇವರ ಗೂಡಿನ ಮುಂದೆ ಬಂದು ನಿಂತರು. ದಾಸವಾಳ ತೆಗೆದು ದೇವರ ಪಾದದ ಹತ್ತಿರ ಇಟ್ಟರು. ಕಪ್ಪನ್ನು ಒಳಗೆ ಒಯ್ದು ತೊಳೆದು, ಚಹಾ ಸುರಿದು ತಂದು ನನ್ನ ಕೈಗೆ ಕೊಟ್ಟರು. ತಮಗೂ ಮಗಳಿಗೂ ಸ್ಟೀಲಿನ ಲೋಟ.

"ಚಾ ಕುಡೀಲಿಕ್ಕೇ ಕೊಟ್ಟಿದ್ದಲ್ಲೇನು ಇದನ್ನ?" ಎಂದರು. "ಕುಡಿ ತಂಗಿ, ಆರ್ತದ."

ಬೆಳಗಿನಿಂದ ಹೊಟ್ಟೆಗೆ ಏನೂ ಇಳಿದಿರಲಿಲ್ಲ. ಶುಂಠಿ ಹಾಕಿದ ಬಿಸಿ ಚಹಾ ಒಳಗೆ ಹೋಗುತ್ತಿದ್ದ ಹಾಗೆ ಹೆಗಲು ತಾನಾಗಿ ಸಡಿಲವಾಯಿತು. ಹಿಡಿಯ ಸಂದಿಯಲ್ಲಿ ತೊಳೆದರೂ ಹೋಗದ ಸ್ವಲ್ಪ ಕುಂಕುಮ ಉಳಿದಿತ್ತು. ನನ್ನ ಹೆಬ್ಬೆರಳಿಗೆ ಹತ್ತಿತು. ಒರೆಸಿಕೊಳ್ಳದೆ ಪೂರ್ತಿ ಕುಡಿದೆ.